ಜೇಬಿನ ಚಾಕು ಕೊಳ್ಳುವ ಮುನ್ನ

ಮಂಡ್ಯ

ಚಿ. ಕುಮಾರಿ ಮಾನಸಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಮೈಸೂರಿನಲ್ಲಿ ತೋಟಗಾರಿಕೆಯ ಕೆಲಸಕ್ಕೆ ಸೇರಿದ ಮೇಲೆ ಸದಾ ಜೊತೆಯಲ್ಲಿಟ್ಟುಕೊಳ್ಳಲು ಮಡಚುವ ಚಾಕುವೊಂದು ಬೇಕೆಂದು ನೀನು ಬರೆದಿದ್ದೆ. ನೀನು ಕಳುಹಿಸಿದ ಚಿತ್ರವನ್ನೂ ನೋಡಿದೆ. ಕಪ್ಪು ಬಳಿದ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯಲ್ಲಿ ಬೆರಳಿಗೊಂದರಂತೆ ತಗ್ಗು. ನಾಟಕದ ಖಳನಾಯಕನ ಸೊಂಟಕ್ಕೆ ಒಪ್ಪುವಂತಿದೆ, ನಿನ್ನ ಕೆಲಸಕ್ಕೆ ಒಪ್ಪುವುದಿಲ್ಲ.

ಕೊಳ್ಳುವ ಮುನ್ನ ಒಂದು ವಾರ, ಯಾವ ಯಾವ ಹೊತ್ತಿನಲ್ಲಿ ಚಾಕುವಿಲ್ಲದೆ ಪರದಾಡಿದೆ ಎಂಬುದನ್ನು ಬರೆದಿಡು. ಗೊಬ್ಬರದ ಚೀಲದ ಹೊಲಿಗೆ, ಸೆಣಬಿನ ಹುರಿ, ಹನಿ ನೀರಾವರಿಯ ಪೈಪು, ಬೀಜದ ಪೊಟ್ಟಣ, ಮಧ್ಯಾಹ್ನದ ಸೀಬೆಹಣ್ಣು, ಇಷ್ಟರಲ್ಲಿಯೇ ಪಟ್ಟಿ ಮುಗಿದೀತು. ಎಳನೀರಿಗೂ ಕಬ್ಬಿಗೂ ಮಚ್ಚಿದೆ, ಹುಲ್ಲಿಗೆ ಕುಡುಗೋಲಿದೆ. ಅವುಗಳ ಕೆಲಸವನ್ನು ಜೇಬಿನ ಚಾಕುವಿನಿಂದ ಮಾಡಿಸಹೊರಟರೆ ಚಾಕುವೂ ಕೆಡುತ್ತದೆ, ಕೈಯೂ ಕೆಡುತ್ತದೆ. ಮೂರು ಅಂಗುಲದ ಅಲಗು ನಿನಗೆ ಧಾರಾಳವಾಯಿತು. ಉದ್ದಕ್ಕಿಂತ ದಪ್ಪವನ್ನು ನೋಡು. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಅಲಗು ಎಷ್ಟೇ ಹರಿತವಾಗಿದ್ದರೂ ಸೀಬೆಹಣ್ಣನ್ನು ಕೊಯ್ಯುವುದಿಲ್ಲ, ಬೆಣೆ ಹೊಡೆದಂತೆ ಸೀಳುತ್ತದೆ. ಅದರ ಅರ್ಧದಷ್ಟು ದಪ್ಪದ್ದು ಸದ್ದಿಲ್ಲದೆ ಇಳಿದು ಹೋಗುತ್ತದೆ.

ಇನ್ನು ಬೀಗದ ಮಾತು, ಎಂದರೆ ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಏರ್ಪಾಡು. ಹಳೆಯ ಬಗೆಯ ಚಾಕುಗಳಲ್ಲಿ ಅಲಗನ್ನು ಹಿಂದಿನ ಸ್ಪ್ರಿಂಗಿನ ಬಿಗುವು ಮಾತ್ರ ಹಿಡಿದಿರುತ್ತದೆ. ಎಳೆದು ಕೊಯ್ಯುವಾಗ ಅದರಿಂದ ತೊಂದರೆಯಿಲ್ಲ, ಮೊನೆಯಿಂದ ಚುಚ್ಚಿದರೆ ಮಾತ್ರ ಅಲಗು ಮಡಚಿಕೊಳ್ಳಬಹುದು. ನಾನು ನಿನ್ನ ವಯಸ್ಸಿನಲ್ಲಿ ಅಂಥದ್ದೊಂದನ್ನು ಹಿಡಿದು ಎಣ್ಣೆ ಡಬ್ಬದ ಮುಚ್ಚಳಕ್ಕೆ ತೂತು ಕೊರೆಯಲು ಹೋದೆ. ಮೊನೆ ತಗಡಿಗೆ ಕಚ್ಚಿ ನಿಂತಿತು, ಒತ್ತಿದ ಕೈ ಮುಂದಕ್ಕೆ ಹೋಯಿತು, ಅಲಗು ತೋರುಬೆರಳಿನ ಬುಡದ ಮೇಲೆ ಮುಚ್ಚಿಕೊಂಡಿತು. ಮೂರು ಹೊಲಿಗೆ ಬಿತ್ತು. ಆ ಬೆರಳು ಚಳಿಗಾಲದ ಬೆಳಗಿನಲ್ಲಿ ಇಂದಿಗೂ ಪೂರ್ತಿ ಮಡಚುವುದಿಲ್ಲ. ಚಾಕುವಿನದೇನೂ ತಪ್ಪಿರಲಿಲ್ಲ, ಆದರೂ ನೀನು ಬೀಗವಿರುವುದನ್ನೇ ತೆಗೆದುಕೊಳ್ಳಬೇಕೆಂಬುದು ನನ್ನ ಹಟ. ಅಂಗಡಿಯಲ್ಲಿ ಅಲಗನ್ನು ಬಿಚ್ಚಿ, ಬೆರಳುಗಳನ್ನು ಅದರ ದಾರಿಯಿಂದ ದೂರವಿಟ್ಟು, ಬೆನ್ನನ್ನು ಅಂಗೈಯಿಂದ ಒತ್ತಿ ನೋಡು. ಅಕ್ಕಪಕ್ಕಕ್ಕೂ ಅಲ್ಲಾಡಿಸಿ ನೋಡು. ಹೊಸದರಲ್ಲಿಯೇ ಗಡಗಡ ಎನ್ನುವುದು ಮುಂದೆ ಬಿಗಿಯಾಗುವುದಿಲ್ಲ.

ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕು ನನಗೆ ಮೆಚ್ಚು. ಮರದ ಹಿಡಿ, ತೆಳುವಾದ ಅಲಗು, ಕತ್ತಿನಲ್ಲಿ ತಿರುಗಿಸಿ ಬಿಗಿಸುವ ಉಕ್ಕಿನ ಬಳೆ. ಆ ಬಳೆಯೇ ಅದರ ಬೀಗ, ಅದು ಸೇರಿದ್ದು 1955ರಲ್ಲಿ. ಅಳತೆಗೊಂದು ನಂಬರಿರುವ ಈ ಚಾಕುಗಳಲ್ಲಿ ಎಂಟನೆಯ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್ ಇರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಚ್ಚಲು ಹಟ ಮಾಡುವುದೊಂದೇ ಅದರ ಕೊರತೆ. ಕತ್ತರಿ, ಸ್ಕ್ರೂಡ್ರೈವರ್ ಎಲ್ಲವೂ ಸೇರಿದ ಸ್ವಿಸ್ ಚಾಕು ಬೇಕೆನಿಸಿದರೆ ಅದೂ ಒಳ್ಳೆಯದೇ, ಆದರೆ ಅದರ ಚಿಕ್ಕ ಮಾದರಿಗಳಲ್ಲಿ ಅಲಗಿಗೆ ಬೀಗವಿರುವುದಿಲ್ಲ. ಉಕ್ಕಿನ ವಿಚಾರದಲ್ಲಿ ಸ್ಟೇನ್‌ಲೆಸ್ ಸಾಕು. ಕಾರ್ಬನ್ ಉಕ್ಕು ಸಾಣೆಗೆ ಬೇಗ ಬಗ್ಗುತ್ತದೆ, ನಿಜ. ಆದರೆ ನಿಂಬೆಹಣ್ಣು ಹೆಚ್ಚಿದರೆ ಕಪ್ಪಾಗುತ್ತದೆ, ಒದ್ದೆಯಾಗಿ ಮಡಚಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಕಾಣುತ್ತದೆ, ಮತ್ತು ನೀನು ಊಟದ ಡಬ್ಬಿಯನ್ನೇ ಎರಡು ದಿನ ತೊಳೆಯದೆ ಬಿಡುವವಳು.

ಕಸಿ ಕಟ್ಟಲು ಮಾತ್ರ ಇದನ್ನು ಬಳಸಬೇಡ. ಕಸಿ ಚಾಕುವಿನ ಅಲಗನ್ನು ಒಂದೇ ಮಗ್ಗುಲಿನಲ್ಲಿ ಸಾಣೆ ಹಿಡಿದಿರುತ್ತಾರೆ, ಆದುದರಿಂದಲೇ ಕಡ್ಡಿಯ ಕೊಯ್ತ ಸಪಾಟಾಗಿ ಬರುತ್ತದೆ. ಹಣ್ಣು ಹೆಚ್ಚಿದ ಚಾಕುವಿನಲ್ಲಿ ಕಸಿ ಮಾಡಿದರೆ ಗಿಡಕ್ಕೆ ಸೋಂಕೂ ತಗುಲೀತು.

ಗುಂಡಿ ಒತ್ತಿದೊಡನೆ ಚಿಮ್ಮುವ ಚಾಕುವಿನ ಆಸೆ ಬೇಡ. ತಪಾಸಣೆಯಲ್ಲಿ ಅದು ನಿನ್ನ ಉದ್ಯೋಗದ ಕಥೆಯನ್ನು ನಂಬಿಸುವುದಿಲ್ಲ. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗನ್ನು ಬೇರೆಯಾಗಿ ಎಣಿಸುತ್ತವೆ, ಅಷ್ಟು ದೊಡ್ಡದು ನಿನಗೆ ಬೇಕಾಗಿಯೂ ಇಲ್ಲ. ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲಿ ಇಡಬೇಡ, ಕಸಿದುಕೊಳ್ಳುತ್ತಾರೆ.

ಅಶೋಕ ರಸ್ತೆಯ ಕಡೆ ಹೋದಾಗ ಒಂದೆರಡು ಅಂಗಡಿಗಳಲ್ಲಿ ಕೈಗೆ ತೆಗೆದುಕೊಂಡು ನೋಡು, ಮುಚ್ಚಿದ ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ಒಮ್ಮೆ ಕುಳಿತು ಏಳು. ತೊಡೆಗೆ ಒತ್ತುವ ಚಾಕು ಎರಡನೆಯ ವಾರಕ್ಕೆ ಮೇಜಿನ ಡ್ರಾಯರು ಸೇರುತ್ತದೆ. ಕೊಂಡದ್ದನ್ನು ಆಯುಧಪೂಜೆಗೆ ಬರುವಾಗ ತಪ್ಪದೆ ತಾ. ನಮ್ಮ ಮಚ್ಚು, ಕುಡುಗೋಲುಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚೋಣ. ಮಾರನೆಯ ದಿನ ಹಿತ್ತಿಲಿನ ಕಲ್ಲಿನ ಮೇಲೆ ಸಾಣೆ ಹಿಡಿಯುವ ಓರೆಯನ್ನು ಕೈ ಹಿಡಿದು ತೋರಿಸುತ್ತೇನೆ, ಕಾಗದದಲ್ಲಿ ಬರೆದರೆ ಅದು ತಿಳಿಯುವಂಥದ್ದಲ್ಲ.

ಇಂತು ನಿನ್ನ ದೊಡ್ಡಪ್ಪ