41ನೇ ಪುಟ

ಪ್ರೀತಿಯ ಮಗಳೇ,

ನಿನ್ನ ಹಸ್ತಪ್ರತಿ ಬಂದು ತಿಂಗಳಾಯಿತು. ಎರಡು ಸಲ ಓದಿದೆ. ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರಿಗೆ ಕೊಡಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಬಿಡು.

ಬರೆಯೋಕೆ ಮಿಲಿಟರಿ ಡಾಕ್ಟರ್ ಕರ್ನಲ್ ಎ.ಜಿ. ರಂಗರಾಜ್ ಅವರನ್ನು ಆರಿಸಿಕೊಂಡಿದ್ದೀಯಲ್ಲ, ಅದೇ ಖುಷಿ. ಕೊರಿಯಾ ಯುದ್ಧಕ್ಕೆ ನಮ್ಮವರು ಕಾದಾಡುವ ಪಡೆ ಕಳಿಸಲಿಲ್ಲ, ರಂಗರಾಜ್ ನೇತೃತ್ವದ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್, ಅಂದರೆ ಪ್ಯಾರಾಚೂಟ್‌ನಲ್ಲಿ ಇಳಿಯಬಲ್ಲ ಸೇನಾ ವೈದ್ಯರ ತಂಡ, ಕಳಿಸಿದರು ಅನ್ನೋದೇ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಆದರೆ ಮಾರಾಯ್ತಿ, ಮೊದಲ ಪುಟದಲ್ಲೇ 'ಅವರ ಎದೆಯಲ್ಲಿ ಭಯದ ಲವಲೇಶವೂ ಇರಲಿಲ್ಲ' ಅಂತ ಬರೆದಿದ್ದೀಯ. ನಿನಗೆ ಹೇಗೆ ಗೊತ್ತು? ಒಳಗೆ ಹೋಗಿ ನೋಡಿ ಬಂದ್ಯಾ?

ಸಿಟ್ಟು ನಿನ್ನ ಮೇಲಲ್ಲ. ಇದೇ ಸಾಲನ್ನು ನಾನೂ ಬರೆದಿದ್ದೆ, ನಮ್ಮೂರಿನ ನಿವೃತ್ತ ಮಿಲಿಟರಿ ಡಾಕ್ಟರೊಬ್ಬರ ಬಗ್ಗೆ. ಸಂಪಾದಕರು ಬೆನ್ನು ತಟ್ಟಿದರು. ಓದಿದವರು ಮೈ ಜುಮ್ಮೆಂದಿತು ಅಂದರು. ಉಬ್ಬಿಹೋಗಿ ಪತ್ರಿಕೆ ಹಿಡಿದುಕೊಂಡು ಅವರ ಮನೆಗೇ ಹೋದೆ. ಜಗಲಿಯಲ್ಲಿ ಕೂತು ಪೂರ್ತಿ ಓದಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಶೆಲ್ ಬೀಳುವಾಗ ನನ್ನ ಚಡ್ಡಿ ಒದ್ದೆಯಾಗಿತ್ತು ಕಣಯ್ಯ. ಬೆರಳು ಮಾತ್ರ ಆ ಹುಡುಗನ ತೊಡೆಯ ರಕ್ತನಾಳದ ಮೇಲಿತ್ತು. ತೆಗೆದಿದ್ರೆ ಅವನು ಹೋಗ್ತಿದ್ದ" ಅಂದರು. ಹೆದರಿಕೆ ಆಗಿತ್ತಾ ಅಂತ ನಾನು ಕೇಳಿರಲೇ ಇಲ್ಲ. ಕಾಫಿ ಕೊಟ್ಟು ಕಳಿಸಿದರು. ಆಮೇಲೆ ನನ್ನ ಹತ್ತಿರ ಯುದ್ಧದ ಮಾತೇ ಎತ್ತಲಿಲ್ಲ. ಈಗ ಅವರಿಲ್ಲ.

ನಿನ್ನ 41ನೇ ಪುಟ ತೆಗೆ. 1950ರ ಡಿಸೆಂಬರ್, ಎಲ್ಲರೂ ಪ್ಯೊಂಗ್ಯಾಂಗ್ ಬಿಟ್ಟು ಹಿಂದೆ ಸರಿಯುತ್ತಿದ್ದಾರೆ. ಸಾಗಿಸಲು ಲಾರಿಗಳಿಲ್ಲ, ಆಸ್ಪತ್ರೆ ಸಾಮಾನು ಅಲ್ಲೇ ಬಿಡಬೇಕು. ರಂಗರಾಜ್ ಒಪ್ಪಲಿಲ್ಲ. ಅವರ ಕಡೆಯವರು ಒಂದು ಹಳೇ ಉಗಿಬಂಡಿ ಹುಡುಕಿದರು. ಸಾಲಾಗಿ ನಿಂತು ಬಕೆಟ್‌ನಲ್ಲಿ ನೀರು ದಾಟಿಸಿ ಬಾಯ್ಲರ್ ತುಂಬಿಸಿದರು. ತಾವೇ ರೈಲು ಓಡಿಸಿಕೊಂಡು ಬಂದರು. ಇದಕ್ಕೆ ನೀನು ಕೊಟ್ಟಿದ್ದು ಮೂರು ಸಾಲು! ಮಹಾವೀರ ಚಕ್ರಕ್ಕೆ ಎರಡು ಪುಟ. ಆ ಚಳಿಯಲ್ಲಿ ಒದ್ದೆ ಕೈಗಳು ಏನಾಗಿರಬೇಕು? ಸುಮ್ನೆ ಊಹಿಸಿ ಬರೀಬೇಡ. ಸಿಯಾಚಿನ್‌ನಲ್ಲಿ ಇದ್ದು ಬಂದವರು ನಿನ್ನ ತಾಲೂಕಿನಲ್ಲೇ ಸಿಗುತ್ತಾರೆ, ಹೋಗಿ ಕೇಳು.

1951ರ ಮಾರ್ಚ್‌ನಲ್ಲಿ ಮುನ್ಸಾನ್ ಹತ್ತಿರ ಪ್ಯಾರಾಚೂಟ್‌ನಲ್ಲಿ ಹಾರಿದ ರಂಗರಾಜ್ ತಂಡದ ಆ ಹನ್ನೆರಡು ಮಂದಿಯನ್ನು 'ಸಿಂಹಗಳು' ಅಂದಿದ್ದೀಯ. ಸಿಂಹಕ್ಕೆ ಹೊಲಿಗೆ ಹಾಕೋಕೆ ಬರುತ್ತಾ?

41ನೇ ಪುಟ ಮಾತ್ರ ಮತ್ತೆ ಬರೆದು ಕಳಿಸು. ಉಳಿದದ್ದು ನನ್ನ ಹತ್ತಿರವೇ ಇರಲಿ. ಮುಂದಿನ ವಾರ ಕಣ್ಣಿನ ಆಪರೇಷನ್ ಇದೆ, ಅಕ್ಷರ ಸ್ವಲ್ಪ ದಪ್ಪಗೆ ಬರೆ.

ಇಂತಿ ನಿನ್ನ ಮೇಷ್ಟ್ರು