‘ಮೊದಲು ರಿಲೇ ನೋಡಿ’ ಎಂದ ಹಿರಿಯರಿಗೆ

ತೀರ್ಥಹಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಬಸ್ಸು ಹತ್ತಿಬಿಟ್ಟಿರಿ. ಹಾಗಾಗಿ ಎಲ್ಲರೆದುರಿಗೇ ಧನ್ಯವಾದ ಹೇಳುತ್ತಿದ್ದೇನೆ.

ನಮ್ಮ 100 ಲೀಟರಿನ ಪುಟ್ಟ ಚೆಸ್ಟ್ ಫ್ರೀಜರ್ ಗುಂಯ್ ಎನ್ನುವುದು, ಟಿಕ್ ಎಂದು ಸುಮ್ಮನಾಗುವುದು, ಸ್ವಲ್ಪ ಹೊತ್ತಿಗೆ ಮತ್ತದೇ. ಒಳಗೆ ಹಲಸಿನ ತೊಳೆ, ಮೀನು, ಅತ್ತೆಯವರ ತೆಂಗಿನ ತುರಿ. ನೋಡಲು ಬಂದ ಮೆಕ್ಯಾನಿಕ್ ಕಂಪ್ರೆಸರ್ರೇ ಹೋಗಿದೆ ಎಂದು ಷರಾ ಬರೆದಿದ್ದ. ನೀವು ಮಾತ್ರ ‘ಮೊದಲು ರಿಲೇ ನೋಡಿ’ ಎಂದಿರಿ; ಕಂಪ್ರೆಸರಿನ ಮೋಟಾರನ್ನು ಚಾಲೂ ಮಾಡಿಸುವ ಪುಟ್ಟ ಬಿಡಿಭಾಗವದು. ಪ್ಲಗ್ ಕಿತ್ತು, ಕಂಪ್ರೆಸರ್ ಪಕ್ಕದ ಆ ಕಪ್ಪು ರಿಲೇ (ಒಳಗೆ ಬಿಲ್ಲೆಯಿರುವ ‘ಪಿಟಿಸಿ’ ಬಗೆಯದು) ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು! ಒಳಗಿನ ಬಿಲ್ಲೆ ಚೂರಾಗಿತ್ತು. ಅದೇ ನಂಬರಿನ ಹೊಸದು ಹಾಕಿದ್ದೇ ತಡ, ಮೋಟಾರು ಹಿಡಿದುಕೊಂಡಿತು.

ಪಕ್ಕದ ತಗಡು ಬೆಚ್ಚಗಿದ್ದರೆ ಗಾಬರಿ ಬೇಡ, ಶಾಖ ಬಿಡುವ ಕೊಳವೆ ಅಲ್ಲೇ ಇರುತ್ತದೆ, ಗೋಡೆಗೆ ಅಂಟಿಸಿ ಮಾತ್ರ ಇಡಬೇಡಿ ಎಂದಿರಲ್ಲ, ಅದನ್ನೂ ಪಾಲಿಸಿದ್ದೇವೆ. (ನಮ್ಮೂರ ಮಳೆಗಾಲದ ಕರೆಂಟನ್ನು ನಂಬುವವರುಂಟೇ? ಸ್ಟೆಬಿಲೈಸರನ್ನೂ ತಂದೆವು.) ಥರ್ಮಾಮೀಟರ್ ಈಗ ಮೈನಸ್ 18 ತೋರಿಸುತ್ತಿದೆ. ಅತ್ತೆಯವರೂ ನಿಮಗೆ ನಮಸ್ಕಾರ ತಿಳಿಸಿದ್ದಾರೆ.