ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ: ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ರಂಗಮಂದಿರದ ಬಾಗಿಲು ತೆರೆಯಿರಿ

ಮಾನ್ಯ ಸಂಸ್ಕೃತಿ ಸಚಿವರೇ,

ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು, ಕೊನೆಯ ವರ್ಷದ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿರುವವಳು. ಈ ಪತ್ರವನ್ನು ಶಿಕ್ಷಣ ಸಚಿವರಿಗೆ ಬರೆಯಬೇಕಿತ್ತು ಎಂದು ನಿಮಗೆ ಅನಿಸಬಹುದು. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಈಗ ಬೇಕಾಗಿರುವುದು ನಿಮ್ಮ ಇಲಾಖೆಯ ಕೈಯಲ್ಲಿರುವ ರಂಗಮಂದಿರಗಳು.

ಸಂಗೀತ, ನೃತ್ಯ, ನಾಟಕ ಕಿವುಡರಿಗೂ ತಲುಪಲಿ ಎಂದು ಈ ಮಕ್ಕಳು ಏನೇನೋ ಮಾಡುತ್ತಾರೆ. ತಾಳಕ್ಕೆ ಅದುರುವ ಜಾಕೆಟ್, ಸ್ವರ ಏರಿಳಿದಂತೆ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ, ಸಂಭಾಷಣೆಯನ್ನು ಅಕ್ಷರದಲ್ಲಿ ತೋರಿಸುವ ಕನ್ನಡಕ. ಒಂದು ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್), ಒಂದು ಮೈಕ್, ಮೊಬೈಲ್ ಒಳಗೆ ಇರುವಂಥ ಪುಟ್ಟ ವೈಬ್ರೇಷನ್ ಮೋಟರ್‌ಗಳು ಇದ್ದರೆ ಮೊದಲ ಮಾದರಿ ಸಿದ್ಧವಾಗುತ್ತದೆ. ವೈವಾ ಮುಗಿಯುತ್ತದೆ, ಅಂಕ ಬರುತ್ತದೆ, ಆಮೇಲೆ ಅದು ಲ್ಯಾಬಿನ ಕಪಾಟು ಸೇರುತ್ತದೆ. ಒಬ್ಬ ಕಿವುಡ ಪ್ರೇಕ್ಷಕರೂ ಅದನ್ನು ತೊಟ್ಟು ಒಂದು ಪ್ರದರ್ಶನ ನೋಡಿರುವುದಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡಿದ್ದು ರಂಗಮಂದಿರದಲ್ಲಿ ಯಾಕೆ ಸೋಲುತ್ತದೆ? ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಚರ್ಮಕ್ಕೆ ಕಂಪನ ತಿಳಿಯುವುದು ಹೆಚ್ಚೆಂದರೆ 1,000 ಹರ್ಟ್ಸ್ ಆಸುಪಾಸಿನವರೆಗೆ. 250ರ ಸುತ್ತಮುತ್ತ ಅದು ತುಂಬಾ ಚುರುಕು. ಹಾಗಾಗಿ ಹಾಡನ್ನು ಇದ್ದ ಹಾಗೇ ಜಾಕೆಟ್‌ಗೆ ಕಳಿಸಿದರೆ ಡೋಲಿನ ಪೆಟ್ಟು ಸಿಗುತ್ತದೆ, ಕೊಳಲಿನ ನಾದ ಬಹುಪಾಲು ಕಳೆದುಹೋಗುತ್ತದೆ. ಸದ್ದನ್ನು ಕಂಪನದ ವೇಗಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗಿ ಒಡೆಯಬೇಕು. ಎತ್ತರದ ಸ್ವರಗಳನ್ನು ಚರ್ಮಕ್ಕೆ ತಿಳಿಯುವ ಮಟ್ಟಕ್ಕೆ ಇಳಿಸಬೇಕು. ತಾಳವನ್ನು ಬೆನ್ನಿಗೂ ರಾಗವನ್ನು ತೋಳಿಗೂ ಹಂಚಬೇಕು. ಇನ್ನು ಅಗ್ಗದ ಮೋಟರ್ ತಿರುಗಿ ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ವೇಗದ ನುಡಿಸಾಣಿಕೆಯಲ್ಲಿ ಒಂದು ಪೆಟ್ಟು ಅಡಗುವ ಮೊದಲೇ ಇನ್ನೊಂದು ಬಂದು ಎಲ್ಲಾ ಕಲಸಿಹೋಗುತ್ತದೆ. ಬ್ಲೂಟೂತ್‌ನಲ್ಲಿ ಸದ್ದು ಕಳಿಸಿದರಂತೂ ಸಾಮಾನ್ಯವಾಗಿ 100 ಮಿಲಿಸೆಕೆಂಡ್‌ಗೂ ಜಾಸ್ತಿ ತಡ. ನರ್ತಕಿಯ ಪಾದ ನೆಲಕ್ಕೆ ಬಿದ್ದದ್ದು ಕಣ್ಣಿಗೆ ಕಂಡಾಗಿದೆ, ಬೆನ್ನಿಗೆ ಆ ಪೆಟ್ಟು ಇನ್ನೂ ಬಂದಿಲ್ಲ. ಅನುಭವ ಕೆಡಲು ಅಷ್ಟು ಸಾಕು.

ಈ ತಡವನ್ನು ಲ್ಯಾಬಿನ ಆಸಿಲೋಸ್ಕೋಪ್ ಅಳೆಯುತ್ತದೆ. ಆದರೆ ನೋಡುವವರು ಎಷ್ಟು ತಡ ಸಹಿಸುತ್ತಾರೆ? ಎರಡು ಗಂಟೆ ತೊಟ್ಟರೆ ಬೆನ್ನು ಜೋಮು ಹಿಡಿಯುತ್ತದಾ? ಮೋಟರಿನ ಗುಂಯ್ ಸದ್ದು ಪಕ್ಕದ ಸೀಟಿನವರಿಗೆ ಕಿರಿಕಿರಿ ಮಾಡುತ್ತದಾ? ಇದೆಲ್ಲ ನಿಜವಾದ ಪ್ರದರ್ಶನದಲ್ಲಿ ಮಾತ್ರ ಗೊತ್ತಾಗುವಂಥದ್ದು.

ಕಿವುಡರಿಗೆ ಸಂಗೀತ ಯಾಕೆ ಎಂದು ಈಗಲೂ ಕೇಳುವವರಿದ್ದಾರೆ. ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಇವೆಲಿನ್ ಗ್ಲೆನಿ ಚಿಕ್ಕ ವಯಸ್ಸಿನಲ್ಲೇ ಬಹುಪಾಲು ಶ್ರವಣಶಕ್ತಿ ಕಳೆದುಕೊಂಡವರು. ಬರಿಗಾಲಲ್ಲಿ ನಿಂತು, ಕಂಪನವನ್ನು ಮೈಯಿಂದ ಹಿಡಿದು ನುಡಿಸುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಡ್ರಮ್ ವಾದಕರ ದೊಡ್ಡ ತಂಡವನ್ನು ಮುನ್ನಡೆಸಿದ್ದು ಅವರೇ.

ಹಾಗಂತ ಎಲ್ಲ ಕಿವುಡರಿಗೂ ಅದುರುವ ಜಾಕೆಟ್ ಬೇಕು ಅಂತಲ್ಲ. 2016ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು ಸನ್ನೆ ಭಾಷೆಯನ್ನು ಮಾತಾಗಿ ಬದಲಿಸುವ ಕೈಗವಸು ಮಾಡಿದರು. ಬಹುಮಾನ ಬಂತು, ಹೊಗಳಿಕೆ ಬಂತು. ಕಿವುಡರಿಂದ ಮತ್ತು ಭಾಷಾತಜ್ಞರಿಂದ ಆಕ್ಷೇಪವೂ ಬಂತು. ಸನ್ನೆ ಭಾಷೆಯ ವ್ಯಾಕರಣ ಬರೀ ಕೈಯಲ್ಲಿಲ್ಲ. ಹುಬ್ಬು, ಬಾಯಿ, ಭುಜ, ನೋಟ ಎಲ್ಲದರಲ್ಲೂ ಇದೆ. ಆ ವಿದ್ಯಾರ್ಥಿಗಳ ಶ್ರದ್ಧೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಕಿವುಡರು ಮೊದಲ ದಿನದಿಂದಲೇ ಜೊತೆಗಿದ್ದರೆ ಪ್ರಾಜೆಕ್ಟ್‌ನ ದಾರಿಯೇ ಬೇರೆಯಾಗುತ್ತದೆ ಎನ್ನುವುದಷ್ಟೇ ನನ್ನ ಮಾತು.

ಕಿವುಡರನ್ನೇ ಕೇಳಿದರೆ ಅವರು ಹೇಳುವುದು ಹಲವು ಸಲ ತುಂಬಾ ಸರಳವಾದದ್ದು. ಸನ್ನೆ ಭಾಷೆಯ ಅನುವಾದಕರು ಮೂಲೆಯ ಕತ್ತಲಲ್ಲಿ ನಿಂತರೆ ಏನೂ ಕಾಣುವುದಿಲ್ಲ. ಅವರ ಮೇಲೆ ಹದವಾದ ಬೆಳಕು ಬೇಕು, ಅವರು ನಟರ ಪಕ್ಕದಲ್ಲೇ ನಿಲ್ಲಬೇಕು. ನಾಟಕದ ಸಂಭಾಷಣೆಗೆ ಸ್ವಯಂಚಾಲಿತ ಮಾತು ಗುರುತಿಸುವ ಸಾಫ್ಟ್‌ವೇರ್ ಹಾಕಿ ಹೆಣಗಾಡುವ ತಂಡಗಳನ್ನು ನೋಡುತ್ತೇನೆ. ನಾಟಕದ ಮಾತು ಮೊದಲೇ ಬರೆದಿಟ್ಟದ್ದು ಅಲ್ವಾ? ಸಾಲುಗಳನ್ನು ತುಂಬಿಟ್ಟು, ಒಬ್ಬರು ಕೂತು ನಟರ ವೇಗಕ್ಕೆ ಬಟನ್ ಒತ್ತಿದರೆ ತಪ್ಪಿಲ್ಲದ ಅಕ್ಷರ ಬರುತ್ತದೆ. ಹಿಯರಿಂಗ್ ಏಡ್ ಹಾಕುವವರಿಗೆ ಲೂಪ್ ಇದೆ. ಸಭಾಂಗಣದ ಸುತ್ತ ಎಳೆದ ತಂತಿಯಿಂದ ಸದ್ದು ಕಾಂತಕ್ಷೇತ್ರವಾಗಿ ಹೊರಟು, ಹಿಯರಿಂಗ್ ಏಡ್‌ನ ಒಳಗಿನ ಟೆಲಿಕಾಯಿಲ್ ಎಂಬ ತಂತಿಸುರುಳಿ‌ಗೆ ನೇರ ಸಿಗುತ್ತದೆ. ಯಾವ ಸೀಟಿನಲ್ಲಿ ಸಿಗ್ನಲ್ ಬೀಳುತ್ತಿಲ್ಲ ಎಂದು ವಿದ್ಯಾರ್ಥಿಗಳೇ ಅಳೆದು ಕೊಡಬಲ್ಲರು.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ರಂಗಮಂದಿರಗಳ ಹೆಸರೆತ್ತಿಯೇ ಮಾತಾಡುತ್ತದೆ. ಸನ್ನೆ ಭಾಷೆಯನ್ನೂ ಕಿವುಡರ ಸಂಸ್ಕೃತಿಯನ್ನೂ ಅದು ಗುರುತಿಸುತ್ತದೆ. ಆದ್ದರಿಂದ ನಾನು ದಯೆ ಕೇಳುತ್ತಿಲ್ಲ ಸರ್, ಕೆಲಸ ಕೇಳುತ್ತಿದ್ದೇನೆ.

ಸರ್ಕಾರಿ ರಂಗಮಂದಿರಗಳ ರಿಹರ್ಸಲ್‌ಗಳಿಗೆ ವಿದ್ಯಾರ್ಥಿ ತಂಡಗಳನ್ನು ಬಿಡಿ. ಸೌಂಡ್ ಮಿಕ್ಸರ್‌ನಿಂದ ಒಂದು ಲೈನ್ ಔಟ್, ಅಂದರೆ ಸದ್ದನ್ನು ನೇರ ತಂತಿಯಲ್ಲಿ ತೆಗೆದುಕೊಳ್ಳುವ ಸಂಪರ್ಕ, ಕೊಡಿಸಿ. ಮೈಕ್ ಇಟ್ಟು ಗದ್ದಲದಲ್ಲಿ ಹುಡುಕುವುದು ತಪ್ಪುತ್ತದೆ. ಪ್ರಾಜೆಕ್ಟ್ ಶುರುವಾಗುವಾಗಲೇ ಕಿವುಡ ಕಲಾವಿದರನ್ನೂ ಪ್ರೇಕ್ಷಕರನ್ನೂ ಸಲಹೆಗಾರರಾಗಿ ಕರೆಯಿರಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ಸುಮ್ನೆ ಕೊನೆಯ ದಿನ ಕರೆದು ಫೋಟೋ ತೆಗೆಸಿದರೆ ಆಗುವುದಿಲ್ಲ. ಯಾವುದು ಚೆನ್ನಾಗಿದೆ ಎಂದು ತೀರ್ಮಾನಿಸುವವರೂ ಅವರೇ ಆಗಿರಲಿ.

ಮತ್ತೆ ರಿಪೇರಿ. ವಿದ್ಯಾರ್ಥಿಗಳು ಓದು ಮುಗಿಸಿ ಹೋಗಿಬಿಡುತ್ತಾರೆ. ಬ್ಯಾಟರಿ ಸೋಲುತ್ತದೆ, ಬೆಸುಗೆ ಬಿಡುತ್ತದೆ. ಸರ್ಕ್ಯೂಟ್ ಮತ್ತು ಕೋಡ್ ಎಲ್ಲರಿಗೂ ಸಿಗುವಂತೆ ಪ್ರಕಟವಾಗಬೇಕು ಎಂಬ ಷರತ್ತು ಹಾಕಿ. ಪ್ರತಿ ರಂಗಮಂದಿರದ ತಂತ್ರಜ್ಞರಲ್ಲಿ ಒಬ್ಬರಿಗೆ ಇದರ ಜವಾಬ್ದಾರಿ ಮತ್ತು ತರಬೇತಿ ಕೊಡಿ, ವರ್ಷದ ಬಜೆಟ್‌ನಲ್ಲಿ ಇದಕ್ಕೊಂದು ಸಾಲು ಸೇರಿಸಿ. ಮೊದಲಿಗೆ ಒಂದೇ ರಂಗಮಂದಿರ ಕೊಟ್ಟರೂ ಮುಂದಿನ ಬ್ಯಾಚಿನಿಂದಲೇ ಶುರು ಮಾಡಲು ನಾವು ತಯಾರಿದ್ದೇವೆ. ಯಾವ ರಂಗಮಂದಿರ ಎಂದು ತಿಳಿಸಿ.

ಇಂತಿ,
ಒಬ್ಬ ಎಲೆಕ್ಟ್ರಾನಿಕ್ಸ್ ಅಧ್ಯಾಪಕಿ